ಲೆಕ್ಸಿಂಗ್‌ಟನ್ನಿನ ಜನವರಿ: ದೀಪದ ಕಂಬ, ಮೆರವಣಿಗೆ ಪರ್ಮಿಟ್ ಮತ್ತು ಒಂದು ಶನಿವಾರ

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಲೆಕ್ಸಿಂಗ್‌ಟನ್ ಅಂತ ಒಂದು ಪುಟ್ಟ ಊರಿದೆ. ಜನಸಂಖ್ಯೆ ಏಳು ಸಾವಿರದ ಆಸುಪಾಸು. 2011ರ ಜನವರಿಯಲ್ಲಿ ಇಲ್ಲಿನ ಪೇಟೆ ಬೀದಿಯ ದೀಪದ ಕಂಬಗಳಲ್ಲಿ ಕಾನ್ಫೆಡರೇಟ್ ಬಾವುಟಗಳು, ಅಂದರೆ 1861-65ರ ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ರಾಜ್ಯಗಳ ಬಾವುಟಗಳು, ಹಾರಿದವು. ಯಾರೋ ರಾತ್ರೋರಾತ್ರಿ ಕಟ್ಟಿ ಹೋಗಿದ್ದಲ್ಲ. ಆ ಸೈನಿಕರ ವಂಶಸ್ಥರ ಸಂಘದವರು ಅರ್ಜಿ ಕೊಟ್ಟಿದ್ದರು, ನಗರಸಭೆ ಒಪ್ಪಿಗೆ ಕೊಟ್ಟಿತ್ತು. ಅದೇ ವರ್ಷ ಸೆಪ್ಟೆಂಬರ್ 1ರಂದು ಅದೇ ನಗರಸಭೆ ಹೊಸ ನಿಯಮ ಮಾಡಿತು. ಇನ್ನು ಮೇಲೆ ಆ ಕಂಬಗಳಲ್ಲಿ ದೇಶದ್ದು, ರಾಜ್ಯದ್ದು, ಊರಿನದ್ದು, ಈ ಮೂರು ಬಾವುಟ ಬಿಟ್ಟರೆ ಬೇರೆ ಯಾವುದಕ್ಕೂ ಜಾಗವಿಲ್ಲ. ಸಂಘದವರು ಕೋರ್ಟಿಗೆ ಹೋದರು, ಸೋತರು. ಆಮೇಲಿನ ಹತ್ತು ವರ್ಷಗಳಲ್ಲಿ ಆ ಊರಿನ ಜನವರಿ ತಿಂಗಳ ಸ್ವರೂಪವೇ ಬದಲಾಯಿತು.

ಅಮೆರಿಕದ ದಕ್ಷಿಣ ರಾಜ್ಯಗಳ ಈ ಜಗಳ ನಮ್ಮ ಪತ್ರಿಕೆಗಳಲ್ಲಿ ಬರುವುದು ಪ್ರತಿಮೆ ಉರುಳಿದಾಗ ಮಾತ್ರ. ಕ್ರೇನ್, ಹಗ್ಗ, ಖಾಲಿ ಪೀಠ. ಆದರೆ ಈ ಪರಂಪರೆ ಸಂಘಗಳ ನಿಜವಾದ ಬಲ ಕಲ್ಲಿನಲ್ಲಿಲ್ಲ, ಕ್ಯಾಲೆಂಡರಿನಲ್ಲಿದೆ ಅನ್ನೋದು ನನ್ನ ಅಭಿಪ್ರಾಯ. ವರ್ಷ ವರ್ಷವೂ ಅದೇ ದಿನ, ಅದೇ ಬೀದಿ, ಅದೇ ಸಮಾಧಿ. ಇದನ್ನು ಲೆಕ್ಸಿಂಗ್‌ಟನ್ನಿನಷ್ಟು ಚೆನ್ನಾಗಿ ತೋರಿಸುವ ಊರು ಇನ್ನೊಂದಿಲ್ಲ. ಅದಕ್ಕೇ ಈ ಒಂದು ಪ್ರಕರಣವನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಸಂಘಗಳು ಮತ್ತು ಅವುಗಳ ವರ್ಷ

ಮೊದಲು ಸ್ವಲ್ಪ ಹಿನ್ನೆಲೆ. 1861ರಲ್ಲಿ ದಕ್ಷಿಣದ ರಾಜ್ಯಗಳು ಅಮೆರಿಕದಿಂದ ಬೇರೆಯಾಗಿ ಕಾನ್ಫೆಡರಸಿ ಎಂಬ ಹೊಸ ದೇಶ ಕಟ್ಟಲು ಹೊರಟವು. ನಾಲ್ಕು ವರ್ಷ ಯುದ್ಧ ನಡೆಯಿತು. 1865ರಲ್ಲಿ ಸೋತವು. ಯಾಕೆ ಬೇರೆಯಾದರು ಅನ್ನೋದನ್ನು ಅವರೇ ಹೇಳಿದ್ದಾರೆ. ಕಾನ್ಫೆಡರಸಿಯ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್ 21ರಂದು ಸವಾನಾ ನಗರದಲ್ಲಿ ಭಾಷಣ ಮಾಡಿದ. ಕರಿಯರು ಬಿಳಿಯರಿಗೆ ಸಮಾನರಲ್ಲ, ಗುಲಾಮಗಿರಿಯೇ ಅವರ ಸಹಜ ಸ್ಥಿತಿ, ಈ ಸತ್ಯವೇ ನಮ್ಮ ಸರ್ಕಾರದ ಮೂಲೆಗಲ್ಲು ಎಂದು ಮುಚ್ಚುಮರೆಯಿಲ್ಲದೆ ಹೇಳಿದ.

ಯುದ್ಧ ಮುಗಿದು ಒಂದು ತಲೆಮಾರು ಕಳೆಯುವ ಹೊತ್ತಿಗೆ ಎರಡು ದೊಡ್ಡ ಸಂಘಗಳು ಹುಟ್ಟಿಕೊಂಡವು. 1894ರಲ್ಲಿ ನ್ಯಾಶ್‌ವಿಲ್‌ನಲ್ಲಿ ಹೆಂಗಸರ ಸಂಘ, ಯುನೈಟೆಡ್ ಡಾಟರ್ಸ್ ಆಫ್ ದ ಕಾನ್ಫೆಡರಸಿ. 1896ರಲ್ಲಿ ರಿಚ್ಮಂಡ್‌ನಲ್ಲಿ ಗಂಡಸರ ಸಂಘ, ಸನ್ಸ್ ಆಫ್ ಕಾನ್ಫೆಡರೇಟ್ ವೆಟರನ್ಸ್. ಹೆಂಗಸರ ಸಂಘದ ಊರ ಘಟಕಕ್ಕೆ ಚಾಪ್ಟರ್ ಅಂತಾರೆ, ಗಂಡಸರದ್ದಕ್ಕೆ ಕ್ಯಾಂಪ್. ಸೇರಬೇಕಾದರೆ ನಿಮ್ಮ ವಂಶದಲ್ಲಿ ಯಾರಾದರೂ ಕಾನ್ಫೆಡರೇಟ್ ಸೈನ್ಯದಲ್ಲಿ ಇದ್ದರು ಎಂದು ದಾಖಲೆ ತೋರಿಸಬೇಕು. ಮುತ್ತಜ್ಜನ ಹೆಸರು, ರೆಜಿಮೆಂಟು, ಜನನ-ಮರಣದ ಕಾಗದ ಎಲ್ಲ ಬೇಕು. ಹಾಗಾಗಿ ಇಲ್ಲಿಗೆ ಬರುವವರಲ್ಲಿ ತುಂಬಾ ಜನ ಮೊದಲು ವಂಶವೃಕ್ಷ ಹುಡುಕುತ್ತಾ ಬಂದವರೇ.

ಇವರ ವರ್ಷದ ಕೆಲಸ ಹೆಚ್ಚು ಕಡಿಮೆ ಎಲ್ಲ ಊರಲ್ಲೂ ಒಂದೇ ಥರ. ಜನವರಿಯಲ್ಲಿ ಸೇನಾಪತಿ ರಾಬರ್ಟ್ ಇ. ಲೀಯ ಜಯಂತಿ. ಏಪ್ರಿಲ್-ಮೇ ಬಂದರೆ ಸತ್ತ ಸೈನಿಕರ ಸ್ಮಾರಕ ದಿನ. ಅದರ ತಾರೀಖು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಜಾರ್ಜಿಯಾದಲ್ಲಿ ಹಿಂದಿನಿಂದ ಬಂದದ್ದು ಏಪ್ರಿಲ್ 26, ಕಾನ್ಫೆಡರೇಟ್ ಸೇನಾಪತಿ ಜೋಸೆಫ್ ಜಾನ್‌ಸ್ಟನ್ 1865ರಲ್ಲಿ ಶರಣಾದ ದಿನ. ಎರಡು ಕೆರೊಲಿನಾ ರಾಜ್ಯಗಳಲ್ಲಿ ಮೇ 10, ಇನ್ನೊಬ್ಬ ಕಾನ್ಫೆಡರೇಟ್ ಸೇನಾಪತಿ ಸ್ಟೋನ್‌ವಾಲ್ ಜಾಕ್ಸನ್ ಸತ್ತ ದಿನ. ಜೂನ್ 3 ಕಾನ್ಫೆಡರಸಿಯ ಅಧ್ಯಕ್ಷ ಜೆಫರ್ಸನ್ ಡೇವಿಸ್ ಹುಟ್ಟಿದ ದಿನ. ಬೇಸಿಗೆಯಲ್ಲಿ ರಾಷ್ಟ್ರೀಯ ಸಮಾವೇಶ. ಬಿಸಿಲು ಇಳಿದ ಮೇಲೆ ಸಮಾಧಿಗಳ ಸ್ವಚ್ಛತೆ, ಹಳೆಯ ಯುದ್ಧಗಳ ಮರುಪ್ರದರ್ಶನ. ಡಿಸೆಂಬರ್‌ನಲ್ಲಿ ಸಮಾಧಿಗೆ ಹಸಿರು ಹಾರ, ಊಟ, ಪದಾಧಿಕಾರಿಗಳ ಚುನಾವಣೆ. ಮತ್ತೆ ಜನವರಿ.

ಇದರಲ್ಲಿ ಸಮಾಧಿ ಕೆಲಸವನ್ನು ನಾನು ಹಗುರವಾಗಿ ನೋಡುವುದಿಲ್ಲ. ಅಮೃತಶಿಲೆಯ ಹಳೆಯ ಕಲ್ಲನ್ನು ತೊಳೆಯುವುದು ಸುಮ್ನೆ ಆಗುವ ಕೆಲಸವಲ್ಲ. ತಂತಿ ಬ್ರಷ್ ಹಾಕಿದರೆ ಅಕ್ಷರವೇ ಹೋಗುತ್ತದೆ. ಬ್ಲೀಚ್ ಹಾಕಿದರೆ ಆಗ ಬೆಳ್ಳಗೆ ಕಾಣುತ್ತದೆ, ಕಾಲ ಕಳೆದಂತೆ ಕಲ್ಲು ಪುಡಿಯಾಗುತ್ತದೆ. ಮೊದಲು ಬರೀ ನೀರು ಹಾಕಿ ನೆನೆಸಬೇಕು, ಮೆತ್ತನೆ ಬ್ರಷ್ಷಿನಲ್ಲಿ ಕೆಳಗಿನಿಂದ ಮೇಲಕ್ಕೆ ಉಜ್ಜಬೇಕು, ಪಾಚಿ ಸಾಯಿಸುವ ಸೌಮ್ಯ ದ್ರಾವಣ ಹಚ್ಚಿ ಬಿಡಬೇಕು. ಸರ್ಕಾರಿ ಕಲ್ಲುಗಳಲ್ಲಿ ಒಂದು ಗುರುತಿದೆ. ಉತ್ತರದ ಸೈನಿಕನ ಕಲ್ಲಿನ ತಲೆ ಗುಂಡಗಿರುತ್ತದೆ, ಕಾನ್ಫೆಡರೇಟ್ ಸೈನಿಕನದ್ದು ಚೂಪಾಗಿರುತ್ತದೆ. ಮಂಡಿಯೂರಿ ಕೂತು ಆ ಚೂಪು ಕಲ್ಲನ್ನು ತೊಳೆಯುವವರ ಮನಸ್ಸಲ್ಲಿ ಇರುವುದು ಬಹುಪಾಲು ಅವರ ಅಜ್ಜನ ಅಜ್ಜ. ಅದನ್ನು ದ್ವೇಷ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಆದರೆ ಸಂಘಗಳು ಸ್ಮಶಾನದಲ್ಲೇ ನಿಲ್ಲಲಿಲ್ಲ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಹೆಂಗಸರ ಸಂಘ ಶಾಲೆಯ ಪಠ್ಯಪುಸ್ತಕಗಳ ಹಿಂದೆ ಬಿತ್ತು. ದಕ್ಷಿಣದವರು ಗುಲಾಮಗಿರಿ ಉಳಿಸಿಕೊಳ್ಳಲು ಹೋರಾಡಿದರು ಎಂದು ಬರೆದ ಪುಸ್ತಕವನ್ನು ತಿರಸ್ಕರಿಸಿ ಎಂದು ಸಂಘದ ಇತಿಹಾಸಕಾರ್ತಿಯಾಗಿದ್ದ ಮಿಲ್‌ಡ್ರೆಡ್ ರದರ್‌ಫರ್ಡ್ ಕರಪತ್ರವನ್ನೇ ಮಾಡಿದರು. ಮಕ್ಕಳಿಗೆ ಪ್ರಶ್ನೋತ್ತರದ ರೂಪದಲ್ಲಿ ಪಾಠ ಕಟ್ಟಿ ಬಾಯಿಪಾಠ ಮಾಡಿಸಿದರು. ಯಜಮಾನರು ದಯಾಳುಗಳಾಗಿದ್ದರು, ಆಳುಗಳು ನಿಷ್ಠರಾಗಿದ್ದರು ಎಂಬಂಥ ಪಾಠ. ಅದೇ ಹೊತ್ತಿಗೆ ದಕ್ಷಿಣದ ರಾಜ್ಯಗಳು ಕರಿಯರ ಮತದ ಹಕ್ಕನ್ನು ಕಾನೂನಿನ ಮೂಲಕವೇ ಕಿತ್ತುಕೊಳ್ಳುತ್ತಿದ್ದವು. ಕೋರ್ಟಿನ ಮುಂದಿನ ಪ್ರತಿಮೆಗಳಲ್ಲಿ ಹೆಚ್ಚಿನವು ನಿಂತಿದ್ದು ಅದೇ ಕಾಲದಲ್ಲಿ. ಇದನ್ನು ಬಿಟ್ಟು ಪರಂಪರೆ ಅಂದರೆ ಅರ್ಧ ಮಾತು ಆಗುತ್ತದೆ.

ಜನವರಿ ಯಾಕೆ ಇಷ್ಟು ಬಿಸಿ

ಲೀ ಹುಟ್ಟಿದ್ದು 1807ರ ಜನವರಿ 19. ಜಾಕ್ಸನ್ ಹುಟ್ಟಿದ್ದು 1824ರ ಜನವರಿ 21. ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ್ದು 1929ರ ಜನವರಿ 15. ಒಂದು ವಾರದೊಳಗೆ ಮೂರು ಜಯಂತಿ.

ವರ್ಜೀನಿಯಾ 1889ರಲ್ಲಿ ಲೀ ಜಯಂತಿಗೆ ರಜೆ ಕೊಟ್ಟಿತು. 1904ರಲ್ಲಿ ಜಾಕ್ಸನ್ ಹೆಸರೂ ಸೇರಿತು. ಕಿಂಗ್ ಅವರ ಹೆಸರಿನಲ್ಲಿ ರಜೆ ಬೇಕು ಎಂದು ರಾಜ್ಯ ಸೆನೆಟರ್ ಆಗಿದ್ದ ಡಗ್ಲಸ್ ವೈಲ್ಡರ್ ವರ್ಷಗಟ್ಟಲೆ ಪಟ್ಟು ಹಿಡಿದರು. ಇವರೇ ಮುಂದೆ ಅಮೆರಿಕದಲ್ಲಿ ಚುನಾವಣೆಯಲ್ಲಿ ಗೆದ್ದ ಮೊದಲ ಕಪ್ಪು ಗವರ್ನರ್ ಆದರು. 1983ರಲ್ಲಿ ಕೇಂದ್ರ ಸರ್ಕಾರ ಕಿಂಗ್ ರಜೆಯ ಕಾನೂನು ಮಾಡಿತು. ಆಗ ವರ್ಜೀನಿಯಾ ಮಾಡಿದ್ದು ಇಷ್ಟೇ: ಮೂವರನ್ನೂ ಒಂದೇ ದಿನಕ್ಕೆ ಕಟ್ಟಿಹಾಕಿತು. 1984ರಿಂದ ಅದರ ಹೆಸರು ಲೀ-ಜಾಕ್ಸನ್-ಕಿಂಗ್ ದಿನ. ಗುಲಾಮಗಿರಿ ಉಳಿಸಲು ಹೊರಟ ಸರ್ಕಾರದ ಇಬ್ಬರು ಸೇನಾಪತಿಗಳು, ಆ ಗುಲಾಮರ ಮೊಮ್ಮಕ್ಕಳ ಹಕ್ಕಿಗಾಗಿ ಪ್ರಾಣ ಕೊಟ್ಟ ಒಬ್ಬ ಪಾದ್ರಿ, ಮೂವರೂ ಒಂದೇ ಸಾಲಿನಲ್ಲಿ. ಹದಿನಾರು ವರ್ಷ ಹೀಗೇ ನಡೆಯಿತು. ಅಲಬಾಮಾ, ಮಿಸಿಸಿಪ್ಪಿಗಳಲ್ಲಿ ಲೀ ಮತ್ತು ಕಿಂಗ್ ಇವತ್ತಿಗೂ ಒಂದೇ ಸೋಮವಾರವನ್ನು ಹಂಚಿಕೊಂಡಿದ್ದಾರೆ.

2000ದಲ್ಲಿ ವರ್ಜೀನಿಯಾ ಗಂಟು ಬಿಚ್ಚಿತು. ಜನವರಿಯ ಮೂರನೇ ಸೋಮವಾರ ಕಿಂಗ್ ದಿನ. ಅದರ ಹಿಂದಿನ ಶುಕ್ರವಾರ ಲೀ-ಜಾಕ್ಸನ್ ದಿನ. ಸರ್ಕಾರಿ ನೌಕರರಿಗೆ ಸಾಲಾಗಿ ನಾಲ್ಕು ದಿನ ರಜೆ. ಶುಕ್ರವಾರ ಒಂದು ನೆನಪು, ಸೋಮವಾರ ಇನ್ನೊಂದು. ನಡುವೆ ಇದ್ದ ಶನಿವಾರ ಮತ್ತು ಭಾನುವಾರಕ್ಕೆ ಯಾರ ಹೆಸರೂ ಇರಲಿಲ್ಲ. ಆದರೆ ಲೆಕ್ಸಿಂಗ್‌ಟನ್ನಿನಲ್ಲಿ ಶನಿವಾರ ಯಾರದು ಅನ್ನೋದು ಎಲ್ಲರಿಗೂ ಗೊತ್ತಿತ್ತು.

ಈ ಊರೇ ಯಾಕೆ

ಲೀ, ಜಾಕ್ಸನ್ ಇಬ್ಬರೂ ಇಲ್ಲೇ ಮಣ್ಣಾಗಿದ್ದಾರೆ. ಜಾಕ್ಸನ್ 1851ರಿಂದ ಇಲ್ಲಿನ ವರ್ಜೀನಿಯಾ ಮಿಲಿಟರಿ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳುತ್ತಿದ್ದ. ಯುದ್ಧ ಶುರುವಾದಾಗ ಇಲ್ಲಿಂದಲೇ ಹೋದ. 1863ರ ಮೇ 2ರಂದು ಚಾನ್ಸಲರ್ಸ್‌ವಿಲ್‌ನಲ್ಲಿ ಕತ್ತಲಲ್ಲಿ ತನ್ನ ಕಡೆಯವರ ಗುಂಡೇ ತಗುಲಿ, ಎಡಗೈ ಕತ್ತರಿಸಿ, ಎಂಟು ದಿನಕ್ಕೆ ಸತ್ತ. ಹೆಣವನ್ನು ಲೆಕ್ಸಿಂಗ್‌ಟನ್ನಿಗೆ ತಂದು ಹೂಳಿದರು. ಸಮಾಧಿಯ ಮೇಲೆ 1891ರಲ್ಲಿ ಕಂಚಿನ ಪ್ರತಿಮೆ ನಿಂತಿತು. ಜಾಕ್ಸನ್‌ಗೆ ನಿಂಬೆಹಣ್ಣು ಇಷ್ಟ ಎಂಬ ಕಥೆಯೊಂದು ಪ್ರಚಾರದಲ್ಲಿದೆ. ಹಾಗಾಗಿ ಬಂದವರು ಸಮಾಧಿಯ ಕಟಕಟೆಯೊಳಗೆ ನಿಂಬೆಹಣ್ಣು ಇಟ್ಟು ಹೋಗುತ್ತಾರೆ. ಕೆಲವು ಹೊಸದು, ಕೆಲವು ಒಣಗಿ ಕಪ್ಪಾದವು.

ಲೀ ಯುದ್ಧ ಸೋತ ಮೇಲೆ 1865ರಲ್ಲಿ ಇದೇ ಊರಿನ ವಾಷಿಂಗ್ಟನ್ ಕಾಲೇಜಿನ ಅಧ್ಯಕ್ಷನಾಗಿ ಬಂದ. 1870ರ ಅಕ್ಟೋಬರ್‌ನಲ್ಲಿ ಇಲ್ಲೇ ತೀರಿಕೊಂಡ. ಕಾಲೇಜಿನ ಪ್ರಾರ್ಥನಾ ಮಂದಿರದ ನೆಲಮಾಳಿಗೆಯಲ್ಲಿ ಸಮಾಧಿ. ಮೇಲೆ ಯುದ್ಧಭೂಮಿಯಲ್ಲಿ ಮಲಗಿದಂತೆ ಕಾಣುವ ಬಿಳಿ ಅಮೃತಶಿಲೆಯ ಪ್ರತಿಮೆ. ಆತನ ಕುದುರೆ ಟ್ರಾವೆಲರ್‌ನ ಸಮಾಧಿಯೂ ಹೊರಗಡೆ ಇದೆ. ಅದರ ಮೇಲೆ ನಾಣ್ಯ, ಕ್ಯಾರೆಟ್, ಸೇಬು. ಕಾಲೇಜಿನ ಹೆಸರೇ ಮುಂದೆ ವಾಷಿಂಗ್ಟನ್ ಅಂಡ್ ಲೀ ಆಯಿತು.

ಇನ್ನೊಂದು ಲೆಕ್ಕವನ್ನೂ ಇಲ್ಲೇ ಹೇಳಬೇಕು. ಇದೇ ಕಾಲೇಜಿಗೆ 1826ರಲ್ಲಿ ಜಾನ್ ರಾಬಿನ್ಸನ್ ಎಂಬ ಜಮೀನುದಾರನ ಉಯಿಲಿನಿಂದ ಡಜನುಗಟ್ಟಲೆ ಗುಲಾಮರು ಆಸ್ತಿಯಾಗಿ ಬಂದರು. 1836ರಲ್ಲಿ ಕಾಲೇಜು ಅವರಲ್ಲಿ ಹೆಚ್ಚಿನವರನ್ನು ಮಾರಿಬಿಟ್ಟಿತು. ಆ ಜನರ ಹೆಸರಿರುವ ಒಂದು ಫಲಕ ಕ್ಯಾಂಪಸ್ಸಿನಲ್ಲಿ ಬಂದದ್ದು 2016ರಲ್ಲಿ. ಕುದುರೆಯ ಗೋರಿಗೆ ನೂರಾರು ಜನ ಬಂದು ಹೋದ ಮೇಲೆ ಎಷ್ಟೋ ಕಾಲಕ್ಕೆ ಮನುಷ್ಯರ ಹೆಸರಿಗೆ ಜಾಗ ಸಿಕ್ಕಿತು. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ.

ಜನವರಿಯ ಶನಿವಾರದ ಕ್ರಮ ಹೀಗಿತ್ತು. ಬೆಳಗ್ಗೆ ಜಾಕ್ಸನ್ ಸಮಾಧಿಯ ಹತ್ತಿರ ಪ್ರಾರ್ಥನೆ, ಹಾರ, ಭಾಷಣ. ಬೂದು ಬಣ್ಣದ ಉಣ್ಣೆಯ ಸಮವಸ್ತ್ರ ತೊಟ್ಟ ಗಂಡಸರು. ನೆಲ ಗುಡಿಸುವ ಘೇರಿನ ಲಂಗದ ಹೆಂಗಸರು. ಆಮೇಲೆ ಮೇನ್ ಸ್ಟ್ರೀಟಿನಲ್ಲಿ ಬಾವುಟಗಳ ಮೆರವಣಿಗೆ. ಕೊನೆಗೆ ಲೀಯ ಮಂದಿರದಲ್ಲಿ ಕಾರ್ಯಕ್ರಮ. ಬೇರೆ ರಾಜ್ಯಗಳಿಂದಲೂ ಜನ ಬರುತ್ತಿದ್ದರು. ಒಬ್ಬರ ಸಮಾಧಿಯಿಂದ ಇನ್ನೊಬ್ಬರ ಸಮಾಧಿಗೆ ನಡೆದೇ ಹೋಗಬಹುದಾದ ಊರು ಇನ್ನೆಲ್ಲಿದೆ? ಅದೇ ಬೀದಿಯಲ್ಲಿ ಸೋಮವಾರ ಬೆಳಗ್ಗೆ ಕಿಂಗ್ ದಿನಕ್ಕೆ ಹೊರಟ ಕಪ್ಪು ಕುಟುಂಬಗಳೂ ನಡೆಯಬೇಕಿತ್ತು, ಅಲ್ವಾ? ಅವರ ತಲೆಯ ಮೇಲೆ ಏನು ಹಾರುತ್ತಿರಬೇಕು ಅನ್ನೋದೇ ಈ ಪ್ರಕರಣದ ಪ್ರಶ್ನೆ.

ಮೊದಲ ಸುತ್ತು: 1991

ಜಾಕ್ಸನ್ ಸಮಾಧಿಯ ಪ್ರತಿಮೆಗೆ ನೂರು ವರ್ಷ ತುಂಬಿದಾಗ ಮೆರವಣಿಗೆ ಮಾಡಲು ಪರಂಪರೆ ಸಂಘದವರು ಹೊರಟರು. ಮೆರವಣಿಗೆಯಲ್ಲಿ ಕಾನ್ಫೆಡರೇಟ್ ಬಾವುಟ ಹಿಡಿಯುವ ಹಾಗಿಲ್ಲ ಎಂದು ನಗರಸಭೆ ಅಡ್ಡ ಬಂತು. ವಿಷಯ ಕೋರ್ಟಿಗೆ ಹೋಯಿತು. 1993ರಲ್ಲಿ ರಾಜಿ ಆದೇಶವಾಯಿತು. ಜನರ ಮಾತಿಗೆ, ಅಭಿವ್ಯಕ್ತಿಗೆ ತೆರೆದಿಟ್ಟ ಸರ್ಕಾರಿ ಜಾಗದಲ್ಲಿ ಅಥವಾ ಕಾರ್ಯಕ್ರಮದಲ್ಲಿ ಈ ಬಾವುಟವನ್ನು ಧರಿಸುವ, ಹಿಡಿಯುವ, ತೋರಿಸುವ ಹಕ್ಕನ್ನು ನಗರ ಕಿತ್ತುಕೊಳ್ಳುವಂತಿಲ್ಲ ಎಂದು ಅದರ ಸಾರಾಂಶ.

ನಗರಸಭೆ ಸೋತದ್ದು ಸರಿಯೇ ಆಯಿತು. ಒಬ್ಬ ಮನುಷ್ಯ ತನ್ನ ಕೈಯಲ್ಲಿ ಹಿಡಿದ ಬಾವುಟವನ್ನು, ಅದು ಎಷ್ಟೇ ನೋವು ಕೊಡಲಿ, ಸರ್ಕಾರ ಕಿತ್ತುಕೊಳ್ಳಬಾರದು. ಮಾತಿನ ಸ್ವಾತಂತ್ರ್ಯ ಕಾಯುವ ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ಇರುವುದೇ ಇಂಥ ಗಳಿಗೆಗೆ. ಆ ಹಕ್ಕು ಹೋದರೆ ನಾಳೆ ಕಿಂಗ್ ದಿನದ ಫಲಕಗಳಿಗೂ ಅದೇ ಗತಿ.

ಕಂಬದ ಮೇಲಿನ ಸುತ್ತು: 2011

ಪೇಟೆಯ ದೀಪದ ಕಂಬಗಳಲ್ಲಿ ಬಾವುಟದ ಕೋಲು ಸಿಕ್ಕಿಸಲು ಸಣ್ಣ ಕೊಳವೆಗಳಿವೆ. ನಗರಸಭೆಯ ಆಸ್ತಿ. ಹಬ್ಬ ಹರಿದಿನಗಳಲ್ಲಿ ದೇಶದ ಬಾವುಟ ಸಿಕ್ಕಿಸುತ್ತಿದ್ದರು. ಊರಿನ ಎರಡು ಕಾಲೇಜುಗಳಿಗೂ, ಅಲ್ಲೇ ಹುಟ್ಟಿದ ವಿದ್ಯಾರ್ಥಿ ಸಂಘಗಳಿಗೂ ಆಗಾಗ ಅವಕಾಶ ಸಿಕ್ಕಿತ್ತು. ಸನ್ಸ್ ಆಫ್ ಕಾನ್ಫೆಡರೇಟ್ ವೆಟರನ್ಸ್‌ನವರು ನಮಗೂ ಕೊಡಿ ಎಂದರು. ಕೇಳಿದ್ದರಲ್ಲಿ ತರ್ಕ ಇತ್ತು. ಬೇರೆಯವರಿಗೆ ಕೊಟ್ಟು ಇವರಿಗೆ ಇಲ್ಲ ಅನ್ನಲು ಬರುವುದಿಲ್ಲ. ನಗರಸಭೆ ಒಪ್ಪಿತು. ಬಾವುಟ ಹಾರಿತು.

ಈಗ ನೋಡಿ ಏನಾಯಿತು. ಇಷ್ಟು ವರ್ಷ ಮೆರವಣಿಗೆಯ ದಿನ ಬಾಗಿಲು ಹಾಕಿಕೊಂಡು ಸುಮ್ಮನಿದ್ದವರೂ ಮಾತಾಡಿದರು. ಯಾಕೆಂದರೆ ಮೆರವಣಿಗೆ ಬಂದು ಹೋಗುತ್ತದೆ, ಅದು ಅವರ ಮಾತು. ಕಂಬ ಎಲ್ಲರದ್ದು. ಅಲ್ಲಿ ಹಾರಿದ್ದು ಊರಿನ ಮಾತು ಅನಿಸುತ್ತದೆ. ನಿವಾಸಿಗಳು ಸಹಿ ಸಂಗ್ರಹಿಸಿ ನಗರಸಭೆಗೆ ಕೊಟ್ಟರು.

1991ರ ಪಾಠ ನಗರಸಭೆಗೆ ನೆನಪಿತ್ತು. ಈ ಬಾವುಟ ಬೇಡ ಎಂದು ಬರೆದರೆ ಮತ್ತೆ ಸೋಲು ಖಂಡಿತ. ಹಾಗಾಗಿ ಯಾವ ಬಾವುಟದ ಹೆಸರನ್ನೂ ಎತ್ತದೆ, ಕಂಬಗಳಿಗೆ ಸರ್ಕಾರಿ ಬಾವುಟ ಮೂರೇ ಎಂದು ನಿಯಮ ಬರೆದರು. ಕಾಲೇಜಿನ ಬಾವುಟಗಳೂ ಹೋದವು. ಅದೇ ನಿಯಮದಲ್ಲಿ ಇನ್ನೊಂದು ಸಾಲು ಸೇರಿಸಿದರು: ಯಾರೇ ಆಗಲಿ ಸಾರ್ವಜನಿಕ ಜಾಗದಲ್ಲಿ ಬಾವುಟ ಹಿಡಿದು ನಡೆಯುವುದಕ್ಕೆ, ಸ್ವಂತ ಜಾಗದಲ್ಲಿ ಹಾರಿಸುವುದಕ್ಕೆ ಇದು ಅಡ್ಡಿಯಲ್ಲ. ನನ್ನ ಮಟ್ಟಿಗೆ ಇಡೀ ಪ್ರಕರಣದ ಜೀವ ಈ ಸಾಲಿನಲ್ಲಿದೆ. ಸೆಪ್ಟೆಂಬರ್ 1ರ ಸಭೆಯ ದಿನ ಬಾವುಟದ ಪರವಾಗಿ ಊರಿಗೆ ನೂರಾರು ಜನ ಬಂದಿದ್ದರು. ಮತ ಹಾಕಿದಾಗ ನಿಯಮ ನಾಲ್ಕಕ್ಕೆ ಒಂದು ಮತದಿಂದ ಪಾಸಾಯಿತು.

ಸಂಘದವರು ಫೆಡರಲ್ ಕೋರ್ಟಿಗೆ ಹೋದರು. ಅವರ ವಾದ ಎರಡು. ಒಂದು, ನಿಯಮ ನೋಡಲು ಎಲ್ಲರಿಗೂ ಒಂದೇ, ಉದ್ದೇಶ ಮಾತ್ರ ನಮ್ಮನ್ನು ಹೊರಗಿಡುವುದು. ಎರಡು, 1993ರ ಆದೇಶ ಮುರಿದಿದ್ದಾರೆ. ಮೊದಲ ವಾದದಲ್ಲಿ ಸತ್ಯ ಇಲ್ಲದೇ ಇಲ್ಲ. ಆ ಬಾವುಟ ಹಾರದೇ ಇದ್ದಿದ್ದರೆ ಆ ನಿಯಮ ಹುಟ್ಟುತ್ತಿರಲಿಲ್ಲ, ಅದು ಊರಿಗೆಲ್ಲ ಗೊತ್ತಿತ್ತು. ಆದರೆ 2012ರಲ್ಲಿ ಜಿಲ್ಲಾ ನ್ಯಾಯಾಧೀಶರು ಪ್ರಕರಣ ವಜಾ ಮಾಡಿದರು. 2013ರ ಜುಲೈಯಲ್ಲಿ ನಾಲ್ಕನೇ ಸರ್ಕಿಟ್ ಮೇಲ್ಮನವಿ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಕಾರಣ ಸರಳ. ತಾನೇ ತೆರೆದ ಜಾಗವನ್ನು ಎಲ್ಲರಿಗೂ ಸಮನಾಗಿ ಮುಚ್ಚುವ ಅಧಿಕಾರ ಸರ್ಕಾರಕ್ಕಿದೆ. ಮುಚ್ಚಿದ್ದು ಎಲ್ಲರಿಗೂ ಮುಚ್ಚಿದರೆ, ಮುಚ್ಚಿದವರ ಮನಸ್ಸಲ್ಲಿ ಏನಿತ್ತು ಎಂದು ಕೋರ್ಟ್ ಕೆದಕುವುದಿಲ್ಲ. ಇನ್ನು 1993ರ ಆದೇಶ ಕಾಪಾಡಿದ್ದು ಸಾರ್ವಜನಿಕರಿಗೆ ತೆರೆದ ಜಾಗವನ್ನು. ಕಂಬ ಈಗ ತೆರೆದ ಜಾಗವೇ ಅಲ್ಲ.

ಈ ತೀರ್ಪು ಎಷ್ಟು ಮುಖ್ಯ ಅನ್ನೋದು ಬಾಸ್ಟನ್ ನಗರವನ್ನು ನೋಡಿದರೆ ತಿಳಿಯುತ್ತದೆ. ಅಲ್ಲಿ ಸಿಟಿ ಹಾಲ್ ಮುಂದಿನ ಒಂದು ಧ್ವಜಸ್ತಂಭವನ್ನು ಸಂಘ ಸಂಸ್ಥೆಗಳಿಗೆ ಬಿಟ್ಟುಕೊಡುತ್ತಿದ್ದರು. 2005ರಿಂದ 2017ರವರೆಗೆ 284 ಸಲ ಒಪ್ಪಿಗೆ, ಒಮ್ಮೆಯೂ ಇಲ್ಲ ಎಂದಿರಲಿಲ್ಲ. ಆಮೇಲೆ ಒಂದು ಕ್ರೈಸ್ತ ಬಾವುಟಕ್ಕೆ ಮಾತ್ರ ಇಲ್ಲ ಎಂದರು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಾಧೀಶರು ಬಾಸ್ಟನ್ ತಪ್ಪು ಎಂದರು. ಎಲ್ಲರಿಗೂ ತೆರೆದಿಟ್ಟು ಒಬ್ಬರನ್ನು ಹೊರಗಿಟ್ಟರೆ ಸೋಲುತ್ತೀರಿ. ಲೆಕ್ಸಿಂಗ್‌ಟನ್ ಹನ್ನೊಂದು ವರ್ಷ ಮೊದಲೇ ಇದನ್ನು ಅರ್ಥ ಮಾಡಿಕೊಂಡಿತ್ತು. ತನ್ನದೇ ಕಾಲೇಜುಗಳ ಬಾವುಟವನ್ನೂ ಕೆಳಗಿಳಿಸುವ ಬೆಲೆ ಕೊಟ್ಟಿತು. ಆ ಬೆಲೆ ಕೊಡದೆ ಈ ನ್ಯಾಯ ಸಿಗುತ್ತಿರಲಿಲ್ಲ.

ಸಂಘದವರೂ ಕೈಕಟ್ಟಿ ಕೂರಲಿಲ್ಲ. ಕಂಬ ಹೋದರೇನು, ಕೈ ಇದೆಯಲ್ಲ. ಮುಂದಿನ ಜನವರಿಗಳಲ್ಲಿ ಫುಟ್‌ಪಾತಿನ ಮೇಲೆ ಸಾಲಾಗಿ ಬಾವುಟ ಹಿಡಿದು ನಿಂತರು. ಅದು ಅವರ ಹಕ್ಕು, ಯಾರೂ ತಡೆಯಲಿಲ್ಲ.

ಶನಿವಾರ ಯಾರದು

2016ರಲ್ಲಿ ಊರಿನಲ್ಲಿ ಜನಾಂಗಭೇದದ ವಿರುದ್ಧ ಒಂದು ನಾಗರಿಕ ಗುಂಪು ಸೇರಿತು. ಹೆಸರು ಕಮ್ಯುನಿಟಿ ಆಂಟಿ-ರೇಸಿಸಂ ಎಫರ್ಟ್, ಚಿಕ್ಕದಾಗಿ ಕೇರ್. ಇವರು ಮಾಡಿದ ಕೆಲಸ ನೋಡಿ. ಕಾನ್ಫೆಡರೇಟ್ ಮೆರವಣಿಗೆ ನಿಲ್ಲಿಸಿ ಎಂದು ಕೇಳಲಿಲ್ಲ. ದಾರಿಗೆ ಅಡ್ಡ ಕೂರಲಿಲ್ಲ. 2017ರ ಜನವರಿಯ ಆ ಶನಿವಾರಕ್ಕೆ ಕಿಂಗ್ ಹೆಸರಿನಲ್ಲಿ ಮೆರವಣಿಗೆ ಮಾಡುತ್ತೇವೆ ಎಂದು ಪರ್ಮಿಟ್ಟಿಗೆ ಅರ್ಜಿ ಹಾಕಿದರು. ಮೊದಲು ಬಂದವರಿಗೆ ಮೊದಲು. ಪರ್ಮಿಟ್ ಇವರಿಗೆ ಸಿಕ್ಕಿತು.

ವರ್ಷಗಳಿಂದ ತಮ್ಮದು ಎಂದುಕೊಂಡಿದ್ದ ದಿನ ಕೈತಪ್ಪಿದ್ದು ಸಂಘದವರಿಗೆ ಅವಮಾನ ಅನಿಸಿತು. ನಮ್ಮ ದಿನ ಕದ್ದರು ಎಂದರು. ಅವರ ಬೇಸರ ಅರ್ಥವಾಗುತ್ತದೆ. ಆದರೆ ಊರ ಬೀದಿಗೆ ಖಾತೆ ಇರುವುದಿಲ್ಲ. 2017ರ ಜನವರಿ 14ರಂದು ಮೇನ್ ಸ್ಟ್ರೀಟಿನಲ್ಲಿ ನೂರಾರು ಜನ ನಡೆದರು. ವಿದ್ಯಾರ್ಥಿಗಳು, ಚರ್ಚಿನವರು, ಮಗು ಎತ್ತಿಕೊಂಡ ಅಪ್ಪಂದಿರು, ಊರಿನ ಹಿರಿಯ ಕಪ್ಪು ಕುಟುಂಬಗಳು. ಅಲ್ಲಿಂದ ಇಬ್ಬರ ಮೆರವಣಿಗೆಯೂ ಅದೇ ವಾರಾಂತ್ಯದ ಬೇರೆ ಬೇರೆ ಹೊತ್ತಿನಲ್ಲಿ ನಡೆಯತೊಡಗಿದವು.

ಇದನ್ನು ಕೆಲವರು ಬರೀ ಚಾಲಾಕಿತನ ಅಂತಾರೆ. ನಾನು ಒಪ್ಪುವುದಿಲ್ಲ. ಪರಂಪರೆ ಸಂಘಗಳು ನೂರು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದಿವೆ: ದಿನ ಹಿಡಿಯುವುದು, ಅರ್ಜಿ ಹಾಕುವುದು, ಪ್ರತಿ ವರ್ಷ ತಪ್ಪದೆ ಬರುವುದು. ಎದುರಿನವರು ಕೋಪ ಮಾಡಿಕೊಂಡಿದ್ದರು, ಬರೆದಿದ್ದರು, ಆದರೆ ಕ್ಯಾಲೆಂಡರಿಗೆ ಕೈ ಹಾಕಿರಲಿಲ್ಲ. ಹಾಕಿದ ವರ್ಷವೇ ಊರು ಬೇರೆಯಾಗಿ ಕಂಡಿತು.

ಆಮೇಲೆ

ಉಳಿದದ್ದು ಬೇಗ ಬೇಗ ಆಯಿತು. 2014ರಲ್ಲೇ ವಾಷಿಂಗ್ಟನ್ ಅಂಡ್ ಲೀ ವಿಶ್ವವಿದ್ಯಾಲಯ, ಕಪ್ಪು ಕಾನೂನು ವಿದ್ಯಾರ್ಥಿಗಳು ಕೇಳಿದ ಮೇಲೆ, ಲೀ ಪ್ರತಿಮೆಯ ಸುತ್ತ ಇದ್ದ ಯುದ್ಧ ಬಾವುಟಗಳ ನಕಲುಗಳನ್ನು ತೆಗೆಯಿತು. 2017ರ ಆಗಸ್ಟಿನಲ್ಲಿ ಅದೇ ರಾಜ್ಯದ ಷಾರ್ಲಟ್ಸ್‌ವಿಲ್‌ನಲ್ಲಿ ಲೀ ಪ್ರತಿಮೆಯ ನೆಪದಲ್ಲಿ ಬಿಳಿಯ ಜನಾಂಗವಾದಿಗಳು ಸೇರಿ, ಎದುರು ನಿಂತವರ ಮೇಲೆ ಕಾರು ಹತ್ತಿಸಿ, ಒಬ್ಬ ಯುವತಿ ಸತ್ತಳು. ಮರು ತಿಂಗಳು ಲೆಕ್ಸಿಂಗ್‌ಟನ್ನಿನ ಲೀ ಹೆಸರಿನ ಚರ್ಚು ತನ್ನ ಹಳೆಯ ಹೆಸರು ಗ್ರೇಸ್‌ಗೆ ಮರಳಿತು. 2020ರಲ್ಲಿ ವರ್ಜೀನಿಯಾ ಲೀ-ಜಾಕ್ಸನ್ ರಜೆಯನ್ನೇ ತೆಗೆದು, ಬದಲಿಗೆ ನವೆಂಬರಿನ ಮತದಾನದ ದಿನಕ್ಕೆ ರಜೆ ಕೊಟ್ಟಿತು. ಕೊನೆಯ ಅಧಿಕೃತ ಲೀ-ಜಾಕ್ಸನ್ ದಿನ 2020ರ ಜನವರಿ 17. ಅದೇ ವರ್ಷ ನಗರಸಭೆ ಜಾಕ್ಸನ್ ಹೆಸರಿನ ಸ್ಮಶಾನಕ್ಕೆ ಓಕ್ ಗ್ರೋವ್ ಎಂದು ಹೆಸರಿಟ್ಟಿತು. ಡಿಸೆಂಬರ್‌ನಲ್ಲಿ ಮಿಲಿಟರಿ ಇನ್‌ಸ್ಟಿಟ್ಯೂಟಿನ ಮುಂದಿದ್ದ ಜಾಕ್ಸನ್ ಪ್ರತಿಮೆ ನ್ಯೂ ಮಾರ್ಕೆಟ್ ಯುದ್ಧಭೂಮಿಯ ಮ್ಯೂಸಿಯಂಗೆ ಹೋಯಿತು. 2021ರ ಜೂನ್‌ನಲ್ಲಿ ವಿಶ್ವವಿದ್ಯಾಲಯದ ಟ್ರಸ್ಟಿಗಳು 22ಕ್ಕೆ 6 ಮತಗಳಿಂದ ಲೀ ಹೆಸರನ್ನು ಉಳಿಸಿಕೊಂಡರು. ಮಂದಿರದ ಹೆಸರಿನಿಂದ ಮಾತ್ರ ಲೀಯನ್ನು ತೆಗೆದರು.

ಸ್ಮಶಾನದ ಹೆಸರು ಬದಲಾದರೂ ಸಮಾಧಿ, ಅದರ ಮೇಲಿನ ಪ್ರತಿಮೆ ಅಲ್ಲೇ ಇದೆ. ಇದು ಸರಿಯಾದ ಗೆರೆ ಅನಿಸುತ್ತದೆ ನನಗೆ. ಸತ್ತವರಿಗೆ ಅವರ ಮಣ್ಣು ಇರಲಿ, ಅಲ್ಲಿಗೆ ಹೂವು ತರುವವರನ್ನು ಯಾರೂ ತಡೆಯದಿರಲಿ. ಆದರೆ ಊರಿಗೆಲ್ಲ ಸೇರಿದ ಸರ್ಕಾರಿ ಸ್ಮಶಾನದ ಬಾಗಿಲ ಮೇಲೆ ಒಬ್ಬ ಸೇನಾಪತಿಯ ಹೆಸರು ಯಾಕೆ?

ಸಂಘದವರು ಆಗಾಗ ಹೇಳುವ ಮಾತೊಂದಿದೆ: ಲೀಯನ್ನು ಅಳಿಸುತ್ತಿದ್ದಾರೆ. ಲೀ ತಾನೇ ಏನಂದಿದ್ದ? 1869ರಲ್ಲಿ ಗೆಟ್ಟಿಸ್‌ಬರ್ಗ್ ಯುದ್ಧಭೂಮಿಯಲ್ಲಿ ಸೈನ್ಯಗಳು ನಿಂತ ಜಾಗ ಗುರುತಿಸಿ ಸ್ಮಾರಕ ಮಾಡೋಣ ಬನ್ನಿ ಎಂದು ಕರೆ ಬಂತು. ಲೆಕ್ಸಿಂಗ್‌ಟನ್ನಿನಿಂದಲೇ ಪತ್ರ ಬರೆದು ಬರುವುದಿಲ್ಲ ಎಂದ. ಯುದ್ಧದ ಹುಣ್ಣನ್ನು ತೆರೆದಿಡುವುದು ಬೇಡ, ಒಳಜಗಳದ ಗುರುತುಗಳನ್ನು ಅಳಿಸಿದ ದೇಶಗಳ ದಾರಿ ಹಿಡಿಯುವುದು ಜಾಣತನ ಎಂಬುದು ಆ ಪತ್ರದ ತಿರುಳು. ಇದರಿಂದ ಲೀಯನ್ನು ಸಂತ ಮಾಡಬೇಕಿಲ್ಲ. 1866ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ಇದೇ ಲೀ, ಕರಿಯರಿಗೆ ಮತದ ಹಕ್ಕು ಈಗ ಬೇಡ ಎಂದಿದ್ದ. ಎರಡೂ ಆತನೇ. ಜಯಂತಿ ಮಾಡುವವರು ಎರಡನ್ನೂ ಓದಿ ಹೇಳಿದರೆ ಅದನ್ನು ನಾನು ನಿಜವಾಗಿ ಇತಿಹಾಸ ಅನ್ನುತ್ತೇನೆ.

ರಜೆ ಹೋದ ಮೇಲೂ ಸಂಘದವರು ಜನವರಿಯಲ್ಲಿ ಲೆಕ್ಸಿಂಗ್‌ಟನ್ನಿಗೆ ಬರುವುದನ್ನು ಬಿಟ್ಟಿಲ್ಲ. ಸಮಾಧಿಯ ಹತ್ತಿರ ಸೇರುತ್ತಾರೆ, ಹಾರ ಹಾಕುತ್ತಾರೆ, ಬಾವುಟ ಹಿಡಿದು ನಡೆಯುತ್ತಾರೆ. ಕೇರ್‌ನವರ ಕಿಂಗ್ ಮೆರವಣಿಗೆಯೂ ಪ್ರತಿ ಜನವರಿ ಬರುತ್ತದೆ. ಕಂಬಗಳ ಮೇಲೆ ನಿಯಮದ ಪ್ರಕಾರ ಮೂರೇ ಬಾವುಟ. ಕಾನೂನಿನ ಮಟ್ಟಿಗೆ ಈ ಊರಿನ ಪ್ರಕರಣ ಇಲ್ಲಿಗೆ ಮುಗಿದಿದೆ.

ಲೆಕ್ಸಿಂಗ್‌ಟನ್ ಇರುವ ಶೆನಾಂಡೋವಾ ಕಣಿವೆಯ ಮಟ್ಟಿಗೆ ಮುಗಿದಿಲ್ಲ. ಐ-81 ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ ಶೆನಾಂಡೋವಾ ಕೌಂಟಿ ಸಿಗುತ್ತದೆ. ಉತ್ತರ ವರ್ಜೀನಿಯಾದ ಕನ್ನಡಿಗರು ಲೂರೆ ಗುಹೆಗೋ ನ್ಯಾಚುರಲ್ ಬ್ರಿಡ್ಜಿಗೋ ಹೊರಟಾಗ ಓಡಾಡುವ ದಾರಿಯೇ ಇದು. ಅಲ್ಲಿನ ಶಾಲಾ ಮಂಡಳಿ 2020ರಲ್ಲಿ ಹೈಸ್ಕೂಲಿನಿಂದ ಜಾಕ್ಸನ್ ಹೆಸರು ತೆಗೆಯಲು ತೀರ್ಮಾನಿಸಿತ್ತು. 2024ರ ಮೇ 10ರಂದು, ರಾತ್ರಿಯಿಡೀ ಜನರ ಮಾತು ಕೇಳಿ, ಹೊಸ ಮಂಡಳಿ ಐದಕ್ಕೆ ಒಂದು ಮತದಿಂದ ಸ್ಟೋನ್‌ವಾಲ್ ಜಾಕ್ಸನ್ ಹೆಸರನ್ನೇ ವಾಪಸ್ ತಂದಿತು. ಮೇ 10 ಜಾಕ್ಸನ್ ಸತ್ತ ದಿನ. ತಾರೀಖು ಕಾಕತಾಳೀಯವೇ ಇರಬಹುದು. ಮಂಡಳಿಯ ಸದಸ್ಯರು ಬದಲಾದದ್ದು ಕಾಕತಾಳೀಯವಲ್ಲ, ಅವರನ್ನು ಜನ ಮತ ಹಾಕಿ ಕಳಿಸಿದ್ದರು. ಹೆಸರು ಬೇಡ ಎನ್ನುವ ಪೋಷಕರೂ ಇನ್ನು ಅದೇ ಕೆಲಸ ಮಾಡಬೇಕು. ಸಭೆಯ ದಿನಾಂಕ ನೋಡಿಕೊಳ್ಳಬೇಕು, ಮಾತಾಡಲು ಹೆಸರು ಬರೆಸಬೇಕು, ಮುಂದಿನ ಚುನಾವಣೆಗೆ ಅಭ್ಯರ್ಥಿ ಹುಡುಕಬೇಕು.